ಗೋರೆಗಾಂವ್‌ನ ಉಚಿತ ಸಿನಿಮಾ ತರಬೇತಿ ಕೇಂದ್ರ: ಕಲಿಕೆ ಗಟ್ಟಿ, ಮೊದಲ ಸಂಬಳದವರೆಗಿನ ದಿನಗಳು ಕಷ್ಟ

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ, ಚಿತ್ರನಗರಿಗೆ (ಫಿಲ್ಮ್ ಸಿಟಿ) ಹೋಗುವ ದಾರಿಯಲ್ಲಿ, ಬಡ ಕುಟುಂಬಗಳ ಯುವಕ ಯುವತಿಯರಿಗೆ ಸಿನಿಮಾ ಮತ್ತು ಧಾರಾವಾಹಿಗಳ ತಾಂತ್ರಿಕ ಕೆಲಸವನ್ನು ಉಚಿತವಾಗಿ ಕಲಿಸುವ ಸೇವಾ ಸಂಸ್ಥೆಯೊಂದರ ಕೇಂದ್ರವಿದೆ. ನಮ್ಮ ಕಟ್ಟಡಕ್ಕೆ ಮನೆಗೆಲಸಕ್ಕೆ ಬರುವ ಯಾದಗಿರಿ ಕಡೆಯ ತಾಯಿಯೊಬ್ಬರ ಮಗ ಅಲ್ಲಿ ಆರು ತಿಂಗಳ ತರಬೇತಿ ಮುಗಿಸಿದ್ದಾನೆ. ಅವನ ಮನೆಯವರ ಪರವಾಗಿ ಕೇಂದ್ರದವರೊಡನೆ ಮಾತನಾಡುತ್ತಿದ್ದವಳು ನಾನೇ ಆದ್ದರಿಂದ, ಮಕ್ಕಳನ್ನು ಅಲ್ಲಿಗೆ ಸೇರಿಸಬಹುದೇ ಎಂದು ವಿಚಾರಿಸುತ್ತಿರುವ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಿನಿಮಾ ಎಂದರೆ ನಟನೆ ಎಂದಷ್ಟೇ ತಿಳಿದ ತಂದೆತಾಯಿಗಳಿಗೆ ನಾನು ಮೈಸೂರಿನ ವಿ.ಕೆ. ಮೂರ್ತಿಯವರ ಹೆಸರು ಹೇಳುತ್ತೇನೆ. ಕ್ಯಾಮೆರಾ ಕೆಲಸವನ್ನೇ ನಂಬಿ ಮುಂಬಯಿಗೆ ಬಂದ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆದರೆ ಕಲಿಯುವುದೆಲ್ಲಿ? 1960ರಲ್ಲಿ ಪುಣೆಯಲ್ಲಿ ಆರಂಭವಾದ ಸರ್ಕಾರಿ ಚಲನಚಿತ್ರ ಸಂಸ್ಥೆಯ ಕ್ಯಾಮೆರಾ, ಸಂಕಲನ, ಧ್ವನಿ ವಿಭಾಗಗಳಿಗೆ ಪದವಿ ಬೇಕು, ಮೂರು ವರ್ಷ ಬೇಕು. ಹನ್ನೆರಡನೆಯ ತರಗತಿ ಮುಗಿಸಿ ಮನೆಗೆ ದುಡಿದು ಹಾಕಬೇಕಾದ ಹುಡುಗನಿಗೆ ಎರಡೂ ಇಲ್ಲ. ಹೋಟೆಲ್ ಕೆಲಸದ ಹುಡುಗರಿಗಾಗಿ ನಮ್ಮ ಹಿರಿಯರು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದ್ದು ಇಂಥದೇ ಅಗತ್ಯವನ್ನು ಕಂಡು. ಈ ಕೇಂದ್ರವೂ ಸಂಜೆಯ ತರಗತಿ ಇಟ್ಟಿರುವುದು ಅದರ ದೊಡ್ಡ ಗುಣ.

ಪಾಠ ಬಹುಪಾಲು ಕೈಕೆಲಸವೇ. ಮೊದಲ ವಾರಗಳಲ್ಲಿ ಕೇಬಲ್ ಸುತ್ತಿಸುತ್ತಾರೆ: ಒಂದು ಸುತ್ತು ಮೇಲಿನಿಂದ, ಮುಂದಿನದು ಒಳಗಿನಿಂದ, ಹಾಗಾದರೆ ಮಾತ್ರ ಎಸೆದಾಗ ಗಂಟಿಲ್ಲದೆ ಬಿಚ್ಚಿಕೊಳ್ಳುತ್ತದೆ. ಕ್ಲಾಪ್ ಹಲಗೆಯ ಮೇಲೆ ದೃಶ್ಯ, ಶಾಟ್, ಟೇಕ್ ಸಂಖ್ಯೆಗಳನ್ನು ಬರೆದು, ಗಟ್ಟಿಯಾಗಿ ಹೇಳಿ, ಕ್ಲಾಪ್ ಹೊಡೆದು ಸದ್ದಿಲ್ಲದೆ ಪಕ್ಕಕ್ಕೆ ಸರಿಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ಆ ಸದ್ದನ್ನೂ ಹಲಗೆ ಮುಚ್ಚುವ ಚಿತ್ರವನ್ನೂ ಹೊಂದಿಸಿಯೇ ಸಂಕಲನಕಾರರು ಧ್ವನಿಯನ್ನು ಕೂಡಿಸುತ್ತಾರೆ ಎಂಬುದನ್ನು ಎಡಿಟಿಂಗ್ ಮೇಜಿನ ಮುಂದೆ ಕೂರಿಸಿ ತೋರಿಸುತ್ತಾರೆ. ಕ್ಯಾಮೆರಾದ ಕಾರ್ಡಿನಲ್ಲಿರುವುದು ಎರಡು ಬೇರೆ ಬೇರೆ ಡ್ರೈವ್‌ಗಳಿಗೆ ನಕಲಾಗಿ, ತಾಳೆ ನೋಡಿ ಮುಗಿಯುವ ತನಕ ಅದನ್ನು ಯಾರೂ ಅಳಿಸಕೂಡದೆಂಬ ಶಿಸ್ತು ನಮ್ಮ ಹುಡುಗನಿಗೆ ಎಷ್ಟು ಮೈಗೂಡಿದೆಯೆಂದರೆ, ಅವನಿಗೆ ಮೊದಲು ಸಿಕ್ಕ ಕೆಲಸವೂ ಅದೇ.

ಮೇಕಪ್ ವಿಭಾಗದಲ್ಲಿ ಹುಡುಗಿಯರೇ ಹೆಚ್ಚಿದ್ದುದು ನನಗೆ ವಿಶೇಷ ಸಂತೋಷ ತಂದಿತು. ಹೆಂಗಸರು ಕೇಶವಿನ್ಯಾಸ ಮಾಡಬಹುದು, ಮೇಕಪ್ ಮಾಡಕೂಡದು ಎಂಬ ಕಟ್ಟಳೆ ಈ ಊರಿನ ಮೇಕಪ್ ಕಲಾವಿದರ ಸಂಘದಲ್ಲಿ ದಶಕಗಳ ಕಾಲ ಇತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 2014ರ ನವೆಂಬರಿನಲ್ಲಷ್ಟೇ.

ಕೊರತೆ ಇರುವುದು ತರಬೇತಿ ಮುಗಿದ ಮೇಲೆ. ಧಾರಾವಾಹಿಗಳಲ್ಲಿ ದುಡಿದ ಹಣ 90 ದಿನಗಳ ನಂತರ ಕೈಸೇರುವುದು ಹಳೆಯ ರೂಢಿ. ಹನ್ನೆರಡು ಗಂಟೆಗಳ ಶಿಫ್ಟ್ ಮುಗಿಸಿ ಕೊನೆಯ ಲೋಕಲ್ ತಪ್ಪಿದರೆ ಆಟೋ ಬಾಡಿಗೆಯೂ ಕೈಯಿಂದಲೇ. ಕಾರ್ಮಿಕ ಸಂಘದ ಕಾರ್ಡ್ ಮಾಡಿಸುವ ಖರ್ಚು ಬೇರೆ. ಉಳ್ಳವರ ಮಕ್ಕಳು ಆ ಮೂರು ತಿಂಗಳನ್ನು ಅಪ್ಪನ ಹಣದಲ್ಲಿ ದಾಟುತ್ತಾರೆ; ನಮ್ಮ ಹುಡುಗನ ಜೊತೆ ಕಲಿತ ಒಬ್ಬಳು ಜಾಣೆ ದಾಟಲಾಗದೆ ಅಂಗಡಿ ಕೆಲಸಕ್ಕೆ ಮರಳಿದಳು. ತರಬೇತಿಯ ಕಾಲದಲ್ಲಿ ರೈಲು ಪಾಸ್ ಮತ್ತು ಊಟದ ಹಣ ಕೊಡುವ ಕೇಂದ್ರವು ಅದನ್ನು ಮೊದಲ ಸಂಬಳ ಬರುವವರೆಗೆ ಮುಂದುವರಿಸಬೇಕೆಂದು ಲಿಖಿತವಾಗಿ ಕೇಳಿದ್ದೇನೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದಿದೆ. ಬೇಕಾದರೆ ವಿದ್ಯಾರ್ಥಿಗಳ ಸಂಖ್ಯೆಯನ್ನು ಕಡಿಮೆ ಮಾಡಲಿ, ಆದರೆ ಸೇರಿಸಿಕೊಂಡವರನ್ನು ಅಲ್ಲಿಯವರೆಗೆ ಕೈಹಿಡಿದು ನಡೆಸಲಿ ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ಇಷ್ಟಿದ್ದರೂ ಮಕ್ಕಳನ್ನು ಕಳಿಸಿ ಎಂದೇ ಹೇಳುತ್ತೇನೆ. ಪಾಠ ಹಿಂದಿಯಲ್ಲಿ ನಡೆಯುತ್ತದೆ, ಕಾಲ್ ಶೀಟ್ (ಆಯಾ ದಿನದ ಚಿತ್ರೀಕರಣದ ವೇಳಾಪಟ್ಟಿ) ಓದುವಷ್ಟು ಇಂಗ್ಲಿಷನ್ನು ಅವರೇ ಕಲಿಸುತ್ತಾರೆ. ಸೇರಿಸುವ ಮುನ್ನ ಮೂರು ತಿಂಗಳ ಮನೆಖರ್ಚಿಗೆ ಏನು ವ್ಯವಸ್ಥೆ ಎಂಬುದನ್ನು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿಕೊಳ್ಳಿ, ಕೇಂದ್ರದವರನ್ನೂ ಅದನ್ನೇ ಮೊದಲು ಕೇಳಿ.