ಕೊಡಗಿನಲ್ಲಿ ಹೋಂಸ್ಟೇಗೆ ಜಾಗ: ಜಮ್ಮಾ ಬಾಣೆಯೋ, ತೋಟದ ಮನೆಯೋ, ಪರಿವರ್ತಿತ ನಿವೇಶನವೋ?

ಮಡಿಕೇರಿ ಸುತ್ತಮುತ್ತ ಅತಿಥಿಗಳಿಗೆ ಕೊಠಡಿ ಕೊಡುವ ಉದ್ದೇಶದಿಂದಲೇ ಜಾಗ ಕೊಳ್ಳುವುದಾದರೆ ಭೂಪರಿವರ್ತನೆ ಆಗಿರುವ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾಯಿಸಲು ಆದೇಶ ಸಿಕ್ಕಿರುವ ಜಾಗವನ್ನೇ ಕೊಳ್ಳಿ. ಮೂರೂ ಬಗೆಯ ಕಾಗದಪತ್ರ ಹಿಡಿದು ಕಚೇರಿ ಸುತ್ತಿದ ಮೇಲೆ ನಾವು ಬಂದು ನಿಂತಿರುವ ಮಾತು ಇದು.

ಜಮ್ಮಾ ಬಾಣೆಗೆ ದರ ಕಡಿಮೆ ಹೇಳುತ್ತಾರೆ, ಅದಕ್ಕೆ ಕಾರಣವಿದೆ. ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ಕೊಟ್ಟ ಜಮ್ಮಾ ಗದ್ದೆಗೆ, ಪೂರ್ಣ ಕಂದಾಯ ಕಟ್ಟುವ ‘ಸಾಗು’ ಜಮೀನಿನ ಅರ್ಧದಷ್ಟೇ ಕಂದಾಯವಿತ್ತು. ಸೊಪ್ಪು, ಸೌದೆ, ಮೇವಿಗೆಂದು ಆ ಗದ್ದೆಗೆ ಸೇರಿಸಿಕೊಟ್ಟ ಏರುಜಾಗವೇ ಬಾಣೆ. ಹಿಡುವಳಿ ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಕೊಡವ ಮನೆತನದವರೆಲ್ಲರದ್ದು. ಪಹಣಿಯ 9ನೇ ಕಾಲಂ ತೆಗೆದು ನೋಡಿ: ಪಟ್ಟೇದಾರರ (ಒಕ್ಕದ ಮುಖ್ಯಸ್ಥರ) ಜೊತೆಗೆ ಸಾಲುಸಾಲು ಹೆಸರು, ಎಂದೋ ತೀರಿಕೊಂಡವರದ್ದೂ ಸೇರಿ. ಮಾರುವವರು ಬೇಲಿ ತೋರಿಸಿ ‘ಇಷ್ಟು ನನ್ನ ಪಾಲು’ ಅನ್ನುತ್ತಾರೆ. ಆ ಬೇಲಿಗೆ 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗವನ್ನು ಅಳೆದು ಕೊಡುವ ನಕ್ಷೆ) ಇಲ್ಲದಿದ್ದರೆ ಸರ್ವೆ ನಂಬರಿನ ಆ ತುಂಡನ್ನು ಪ್ರತ್ಯೇಕವಾಗಿ ನೋಂದಾಯಿಸಲೂ ಆಗದು, ಪರಿವರ್ತಿಸಲೂ ಆಗದು. ನಕ್ಷೆ ಬೇಕೆಂದರೆ ಪಾಲುದಾರರೆಲ್ಲ ಒಪ್ಪಬೇಕು. ಒಬ್ಬರು ವಿದೇಶದಲ್ಲಿದ್ದು ಸಹಿ ಹಾಕದಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಮರದ ವಿಷಯ. ಜಮೀನು ‘ಅನ್‌ರಿಡೀಮ್ಡ್’ ಆಗಿದ್ದರೆ ಅದರಲ್ಲಿರುವ ಮರದ ಮೌಲ್ಯ ಸರ್ಕಾರದ್ದು. ಹಣ ಕಟ್ಟಿ ಬಿಡಿಸಿಕೊಂಡಿದ್ದರೆ ಮಾತ್ರ ‘ರಿಡೀಮ್ಡ್’. ಆಗಲೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮನೆ ಕಟ್ಟುವ ಜಾಗದ ನಟ್ಟನಡುವೆ ಬೀಟೆ ನಿಂತಿದ್ದರೆ ಮರ ಉಳಿಸಿಕೊಂಡೇ ಮನೆಯ ನಕ್ಷೆ ಬರೆಸಿ. ಒಟ್ಟಿನಲ್ಲಿ ಜಮ್ಮಾ ಜಾಗ ಒಕ್ಕದವರಿಗೆ ಸರಿ, ಹೊರಗಿನವರಿಗೆ ಬೇಡ.

ರಿಡೀಮ್ಡ್ ಸಾಗು ತೋಟ ಒಂದೇ ಹೆಸರಿನಲ್ಲಿದ್ದರೆ ಕಾಗದ ಎಷ್ಟೋ ಹಗುರ. ತೊಡಕಿರುವುದು ಬಳಕೆಯಲ್ಲಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನಿನ ತೋಟದ ಮನೆ ಹಿಡುವಳಿಯ ಶೇ. 10ನ್ನು ಮೀರಬಾರದು, ಅದು ಸ್ವಂತ ಬಳಕೆಗೆ ಮಾತ್ರ, ವಾಣಿಜ್ಯ ಚಟುವಟಿಕೆಗೆ ಬಾಡಿಗೆಗೆ ಕೊಡುವಂತಿಲ್ಲ. ‘ಎಲ್ಲರೂ ಮಾಡ್ತಾರೆ ಬಿಡಿ’ ಎನ್ನುವ ದಲ್ಲಾಳಿಯ ಮಾತು ತಪಾಸಣೆಯ ದಿನ ಕೈಹಿಡಿಯುವುದಿಲ್ಲ. ಅನಿವಾಸಿ ಭಾರತೀಯರಿಗಂತೂ ಈ ದಾರಿಯೇ ಇಲ್ಲ: ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ನಿಯಮದಂತೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಪಿತ್ರಾರ್ಜಿತವಾಗಿ ಬಂದರೆ ಸರಿ, ಕೊಳ್ಳುವಂತಿಲ್ಲ.

ಪರಿವರ್ತಿತ ಜಾಗ ಸೆಂಟಿನ ಲೆಕ್ಕದಲ್ಲಿ ದುಬಾರಿ. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶದಲ್ಲಿ ಉದ್ದೇಶ ಏನೆಂದು ಬರೆದಿದೆ ಎಂಬುದನ್ನು ಓದಿ. ‘ವಾಸ’ ಎಂದಿದ್ದರೆ ನೀವೇ ಇರುವ ಮನೆಯಲ್ಲಿ ಹೋಂಸ್ಟೇ ನಡೆಸಬಹುದು, ರೆಸಾರ್ಟ್‌ಗೆ ‘ವಾಣಿಜ್ಯ’ ಎಂದೇ ಇರಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಅನುಮೋದನೆ ಇಲ್ಲದ ಆಸ್ತಿಯ ನಮೂನೆಯಾದ 11ಬಿ ಕೊಟ್ಟರೆ ಮುಂಗಡ ಕೊಡಬೇಡಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳ ಅಂಚಿನಲ್ಲಿದ್ದರೆ ಪರಿಸರ ಸೂಕ್ಷ್ಮ ವಲಯದ ಪಟ್ಟಿಯಲ್ಲಿ ಆ ಊರಿದೆಯೇ ನೋಡಿ, ಅಲ್ಲಿ ಹೊಸ ಹೋಟೆಲ್, ರೆಸಾರ್ಟ್‌ಗೆ ತಡೆಯಿದೆ. ಇಳಿಜಾರು ಕಡಿದು ಮಟ್ಟ ಮಾಡಿದ ನಿವೇಶನ ಯಾವ ದರಕ್ಕೂ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡವರು ಯಾರೂ ಅಂಥ ಜಾಗ ತೋರಿಸಲಾರರು.

ಕೊಳ್ಳದೆ ನಡೆಯುತ್ತಿರುವ ಹೋಂಸ್ಟೇಯನ್ನೇ ಗುತ್ತಿಗೆಗೆ ಹಿಡಿಯುವುದು ಸಲೀಸು ಅನ್ನಿಸುತ್ತದೆ. ಆದರೆ ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯೂ ಇದನ್ನೇ ಹೇಳುತ್ತದೆ, 6 ಕೊಠಡಿ, 12 ಹಾಸಿಗೆಯ ಮಿತಿಯೊಂದಿಗೆ. ಮಾಲೀಕರು ಬೆಂಗಳೂರಿನಲ್ಲಿದ್ದು ಮ್ಯಾನೇಜರ್ ನಡೆಸುವ ಮನೆ ಹೋಂಸ್ಟೇ ಆಗುವುದಿಲ್ಲ, ಅದನ್ನು ಲಾಡ್ಜ್ ಎಂದೇ ಎಣಿಸುತ್ತಾರೆ. ಆಗ ಕರೆಂಟು ಬಿಲ್ಲೂ ಮನೆಗಂದಾಯವೂ ವಾಣಿಜ್ಯ ದರಕ್ಕೆ ಏರುತ್ತವೆ.