ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸೋರು ಓದಿ: ನಾವು ಹೇಳಿದ್ದು ಆರ್‌ಎಕ್ಸ್ 6600, ಒಳಗಿದ್ದದ್ದು ಬೇರೆ ಗ್ರಾಫಿಕ್ಸ್ ಕಾರ್ಡ್

ಕುಮಟಾ, ಹೊನ್ನಾವರ, ಅಂಕೋಲಾ, ಶಿರಸಿ ಕಡೆಯವರು ಯಾರಾದರೂ ಕಡಿಮೆ ಬಜೆಟ್ಟಿನಲ್ಲಿ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಲು ಹೊರಟಿದ್ದರೆ, ದುಡ್ಡು ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯುವುದಕ್ಕೆ ನಾಚಿಕೆ ಆಗ್ತಿದೆ. ಆದರೆ ನಾನು ಸುಮ್ನೆ ಕೂತರೆ ಅದೇ ಕೌಂಟರಿನಲ್ಲಿ ನಾಳೆ ಇನ್ನೊಂದು ಮನೆಯ ದುಡ್ಡು ಹೋಗ್ತದೆ. ಅಂಗಡಿಯ ಹೆಸರು ಹಾಕುವುದಿಲ್ಲ, ದೂರು ನಡೀತಾ ಇದೆ. ಶಿರಸಿಯ ಅಂಗಡಿ ಅಂತ ಮಾತ್ರ ಹೇಳ್ತೇನೆ.

ನಮ್ಮದು ಕುಮಟಾ. ತಮ್ಮ ಡಿಪ್ಲೊಮಾ ಓದ್ತಾನೆ. ರಜೆಯಲ್ಲಿ ಮದುವೆ ಮನೆಗಳಿಗೆ ಬಡಿಸಲು ಹೋಗಿ ಅವನು ಕೂಡಿಟ್ಟದ್ದು, ನಾನು ಸೊಸೈಟಿ ಕೆಲಸದ ಸಂಬಳದಲ್ಲಿ ಉಳಿಸಿದ್ದು, ಎರಡೂ ಸೇರಿಸಿ 65 ಸಾವಿರ. ಮಾನಿಟರ್ ಮನೆಯಲ್ಲೇ ಇತ್ತು. ಪಾರ್ಟ್ಸ್ ಆರಿಸಿದ್ದು ನಾನು. ಎಷ್ಟೋ ರಾತ್ರಿ ಕೂತು, ಒಂದೊಂದರ ರೇಟ್ ನೋಡಿ, ತಾಳೆ ಹಾಕಿ ಆರಿಸಿದ್ದು.

ಪ್ರೊಸೆಸರ್ ರೈಜನ್ 5 5600. ಬಿ550 ಮದರ್‌ಬೋರ್ಡ್. 8 ಜಿಬಿಯ ಎರಡು ರ‍್ಯಾಮ್, 3200 ಸ್ಪೀಡಿನದು. ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ರೇಡಿಯಾನ್ ಆರ್‌ಎಕ್ಸ್ 6600. 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಅನ್ನುವ ದಕ್ಷತೆಯ ಗುರುತು ಇರುವ ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಕೊಡುವ ಡಬ್ಬಿ. 5600 ಯಾಕೆ, ಅದಕ್ಕಿಂತ ಅಗ್ಗದ 5500 ಯಾಕಲ್ಲ ಅಂದರೆ, 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) 16 ಎಂಬಿ ಮಾತ್ರ, 5600ರಲ್ಲಿ 32. ಮೇಲಾಗಿ ಗ್ರಾಫಿಕ್ಸ್ ಕಾರ್ಡಿಗೆ ಡೇಟಾ ಹೋಗುವ ದಾರಿ, ಪಿಸಿಐಇ, 5500ರಲ್ಲಿ ಹಳೇ 3.0ಕ್ಕೇ ನಿಲ್ತದೆ. 6600 ಕಾರ್ಡ್ ಎಂಟೇ ಲೇನ್ ಬಳಸುವ ಕಾರ್ಡು, ಅದಕ್ಕೆ 4.0 ಇದ್ದರೆ ಒಳ್ಳೆಯದು. ಇದನ್ನೆಲ್ಲ ನಾನು ಅಂಗಡಿಯವರಿಗೆ ಬಾಯಲ್ಲಿ ಹೇಳಿದ್ದೆ. ಪೂರ್ತಿ ಪಟ್ಟಿಯನ್ನು ವಾಟ್ಸಾಪಿನಲ್ಲೂ ಕಳಿಸಿದ್ದೆ. ಅವರು ಹೆಬ್ಬೆರಳು ಒತ್ತಿ, "ಓಕೆ ತಂಗೀ, ಎಲ್ಲ ಇದೇ ಹಾಕ್ತೇನೆ" ಅಂತ ಬರೆದಿದ್ದಾರೆ. ಆ ಮೆಸೇಜು ಈಗಲೂ ನನ್ನ ಹತ್ರ ಇದೆ.

ಅಡ್ವಾನ್ಸ್ ಕೊಟ್ಟ ಮೇಲೆ ರ‍್ಯಾಮ್ ರೇಟ್ ಏರಿದೆ ಅಂತ ಮತ್ತೆ ಎರಡು ಸಾವಿರ ಕೇಳಿದರು. ಏರಿದ್ದು ಹೌದು, 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ ಬಾಚಿಕೊಂಡು ಎಲ್ಲ ಕಡೆ ರೇಟ್ ಮೇಲೆ ಹೋಗಿದೆ. ಕೊಟ್ಟೆವು. ಪಕ್ಕಾ ಬಿಲ್ ಬೇಕಂದರೆ ಜಿಎಸ್‌ಟಿ 18 ಪರ್ಸೆಂಟ್ ಬೇರೆ ಬೀಳ್ತದೆ ಅಂದರು. ಇಲ್ಲ, ಕೊಟೇಶನ್ನಿನಲ್ಲೇ ಟ್ಯಾಕ್ಸ್ ಸೇರಿದೆ, ಬಿಲ್ ಬೇಕೇ ಬೇಕು ಅಂತ ಕೂತೆ. ಕೊಟ್ಟರು. ಅದರಲ್ಲಿ ಏನು ಬರೆದಿತ್ತು ಅನ್ನುವುದನ್ನು ಮುಂದೆ ಹೇಳ್ತೇನೆ.

ಪಿಸಿ ತರಲು ಹೋದ ದಿನ ಕ್ಯಾಬಿನೆಟ್ ರೆಡಿ ಇತ್ತು. ಎಲ್‌ಇಡಿ ಫ್ಯಾನು ತಿರುಗ್ತಾ ಇತ್ತು. ಅವರದೇ ಮಾನಿಟರಿನಲ್ಲಿ ವ್ಯಾಲೊರಂಟ್ ಹಾಕಿ ತೋರಿಸಿದರು. "ನೋಡು ತಮಾ, ಹೆಂಗೆ ಓಡ್ತದೆ" ಅಂತ ತಮ್ಮನ ಬೆನ್ನು ತಟ್ಟಿದರು. ವ್ಯಾಲೊರಂಟ್ ತುಂಬ ಹಗುರದ ಗೇಮ್, ಹಳೇ ಕಾರ್ಡಿನಲ್ಲೂ ಚೆನ್ನಾಗೇ ಓಡ್ತದೆ. ಅವರು ಅದನ್ನೇ ಯಾಕೆ ಆರಿಸಿದರು ಅಂತ ಈಗ ಗೊತ್ತಾಗ್ತಿದೆ. ಪಾರ್ಟ್ಸಿನ ಬಾಕ್ಸ್ ಕೊಡಿ ಅಂದೆ. "ಬಾಕ್ಸ್ ಎಲ್ಲ ನಮ್ಮಲ್ಲೇ ಇರ್ಲಿ ತಂಗೀ, ವಾರಂಟಿಗೆ ನಾವೇ ಕಳಿಸೋದಲ್ವಾ, ಬಸ್ಸಲ್ಲಿ ಅದನ್ನೆಲ್ಲ ಎಂತಕ್ಕೆ ಹೊತ್ಕಂಡು ಹೋಗ್ತೀರಿ?" ಸೈಡ್ ಪ್ಯಾನೆಲಿನ ಸ್ಕ್ರೂ ಮೇಲೆ ಅಂಗಡಿಯ ಸ್ಟಿಕ್ಕರ್. ಅದು ಹರಿದರೆ ವಾರಂಟಿ ಇಲ್ಲವಂತೆ. ಕೇಳುವುದನ್ನೆಲ್ಲ ಕೇಳಿದ್ದೇವೆ. ಪ್ರತಿಯೊಂದಕ್ಕೂ ಅವರ ಹತ್ರ ನಯವಾದ ಉತ್ತರ ತಯಾರಿತ್ತು.

ದೇವಿಮನೆ ಘಟ್ಟ ಇಳಿಯುವಾಗ ಇಬ್ಬರೂ ಸರದಿ ಮೇಲೆ ಕ್ಯಾಬಿನೆಟ್ಟನ್ನು ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದೇವೆ. ಗಾಜು ಒಡೀಬಾರದು ಅಂತ ನನ್ನ ಸ್ವೆಟರ್ ಸುತ್ತಿದ್ದೆವು.

ಮನೆಗೆ ಬಂದಾಗ ತಮ್ಮನ ದೋಸ್ತರೆಲ್ಲ ಜಗಲಿಯಲ್ಲಿ ಕಾದು ಕೂತಿದ್ದರು. ಅಮ್ಮ ಎಲ್ಲರಿಗೂ ಚಾ ಮಾಡಿದ್ದಳು. ಪಿಸಿ ಆನ್ ಮಾಡಿದ ಕೂಡಲೇ ಒಬ್ಬ ಹುಡುಗ ಪಿಸಿಯ ಒಳಗೆ ಏನಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಒತ್ತಿದ. ಜಿಪಿಯು ಅನ್ನುವಲ್ಲಿ ಹೆಸರು ಬಂತು: ರೇಡಿಯಾನ್ ಆರ್‌ಎಕ್ಸ್ 580 2048ಎಸ್‌ಪಿ. ಯಾರೂ ಮಾತಾಡಲಿಲ್ಲ. ತಮ್ಮ ಪರದೆ ನೋಡ್ತಾ, "ಅಕ್ಕಾ, ನೀ 6600 ಅಂದಿದ್ಯಲ್ಲ?" ಅಂದ. ಮೇಲೆ ಸಿಪಿಯು, ಅಂದರೆ ಪ್ರೊಸೆಸರ್, ಅಂತಿದ್ದಲ್ಲಿ ನೋಡಿದರೆ ರೈಜನ್ 5 5500. ಮೆಮೊರಿ ಒತ್ತಿದರೆ 16 ಜಿಬಿ ಇದೆ, ಆದರೆ ಒಂದೇ ಸ್ಲಾಟಿನಲ್ಲಿ, ಸ್ಪೀಡ್ 2666. ಅಷ್ಟು ಹುಡುಗರ ಮುಂದೆ ನನ್ನ ಮುಖ ಸುಟ್ಟುಹೋದ ಹಾಗಾಯಿತು. ವಾರಗಟ್ಟಲೆ ಅವರಿಗೆಲ್ಲ 5600, 6600 ಅಂತ ವಿವರಿಸಿದ್ದು ನಾನೇ ಆಗಿತ್ತು.

ಈ ಕಾರ್ಡ್ ಎಂಥದು ಅಂತ ಗೊತ್ತಿಲ್ಲದವರಿಗೆ ಹೇಳ್ತೇನೆ. ಆರ್‌ಎಕ್ಸ್ 580 ಬಂದದ್ದು 2017ರಲ್ಲಿ, ಅದರಲ್ಲಿ 2304 ಶೇಡರ್, ಅಂದರೆ ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳು, ಇರ್ತವೆ. 2048ಎಸ್‌ಪಿ ಅನ್ನುವುದು 2018ರಲ್ಲಿ ಚೀನಾ ಮಾರುಕಟ್ಟೆಗೆ ಬಿಟ್ಟದ್ದು. ಹೆಸರು 580, ಒಳಗೆ ಹೆಚ್ಚುಕಡಿಮೆ ಅದಕ್ಕಿಂತ ಕೆಳಗಿನ 570. ಅಂದರೆ ಹೆಸರಿನಲ್ಲೇ ಒಂದು ಮೆಟ್ಟಿಲು ಮೋಸ. ಅದರ ಮೇಲೆ ಇನ್ನೊಂದು ವಿಷಯ ಇದೆ. ಈ ಜಾತಿಯ 8 ಜಿಬಿ ಕಾರ್ಡುಗಳನ್ನು ಈಥೀರಿಯಂ ಅನ್ನುವ ಕ್ರಿಪ್ಟೊ ಹಣದ ಮೈನಿಂಗಿಗೆ ಹಗಲೂ ರಾತ್ರಿ ಓಡಿಸ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ಮೈನಿಂಗ್ ನಿಂತಿತು. ಆಮೇಲೆ ಹಳೇ ಕಾರ್ಡು, ಹಳೇ ಚಿಪ್ಪುಗಳೆಲ್ಲ ಹೊಸ ಬಾಕ್ಸ್ ಹಾಕಿಕೊಂಡು ಮಾರುಕಟ್ಟೆಗೆ ಬಂದವು. 6600 ಬಂದದ್ದು 2021ರಲ್ಲಿ. ಅದಕ್ಕೆ ಬೇಕಾಗುವ ಕರೆಂಟೂ ಕಡಿಮೆ, 132 ವ್ಯಾಟ್. ಚಿಪ್ ಮಾಡುವ ಎಎಂಡಿ ಕಂಪನಿ ಈ ಹಳೇ ಪೋಲಾರಿಸ್ ತಲೆಮಾರಿನ ಕಾರ್ಡುಗಳ ಡ್ರೈವರನ್ನು 2023ರಲ್ಲೇ ಬೇರೆ ಮಾಡಿ ಬದಿಗಿಟ್ಟಿದೆ. 2048ಎಸ್‌ಪಿ ಆನ್‌ಲೈನಿನಲ್ಲಿ 6600ರ ಅರ್ಧಕ್ಕಿಂತ ಕಡಿಮೆ ರೇಟಿಗೆ ಸಿಗ್ತಿತ್ತು. ನಮ್ಮಿಂದ ತಗೊಂಡದ್ದು 6600ರ ರೇಟು. ಅಡಿಕೆಯಲ್ಲಿ ಒಳ್ಳೆ ಚಾಲಿಯ ರೇಟ್ ಹಿಡಿದು ಕೀಳು ದರ್ಜೆಯ ಕೋಕಾ ತೂಗಿ ಕೊಟ್ಟ ಹಾಗೆ.

ಅದೇ ರಾತ್ರಿ ಫೋನ್ ಮಾಡಿದೆ. "580 ಅಂದ್ರೆ 6600ಕ್ಕಿಂತ ಕಡಿಮೆ ಅಲ್ಲ ತಂಗೀ, ಎರಡೂ 8 ಜಿಬಿ" ಅಂದರು. ಅಣ್ಣಾ, ನಾನು ಜಿಬಿ ಕೇಳ್ತಾ ಇಲ್ಲ, ಕಾರ್ಡ್ ಯಾವುದು ಅಂತ ಕೇಳ್ತಾ ಇದ್ದೇನೆ ಅಂದೆ. "6600 ಸ್ಟಾಕ್ ಇರ್ಲಿಲ್ಲ, ನಿಮಗೆ ಅರ್ಜೆಂಟ್ ಇತ್ತು." ನಮಗೆ ಯಾವ ಅರ್ಜೆಂಟೂ ಇರಲಿಲ್ಲ. ಸ್ಟಾಕ್ ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಒಂದು ತಿಂಗಳು ಕಾಯ್ತಿದ್ದೆವು. ಅದನ್ನು ಹೇಳಿದರೆ, "ಗೇಮ್ ಓಡ್ತದೋ ಇಲ್ವೋ, ಅದನ್ನ ಹೇಳಿ" ಅಂದರು. ಕಡೆಗೆ, "ತಮ್ಮನ ಹತ್ರ ಫೋನ್ ಕೊಡಿ, ಇದೆಲ್ಲ ನಿಮಗೆ ಗೊತ್ತಾಗೋದಲ್ಲ" ಅಂದರು. ಪಟ್ಟಿ ಬರೆದವಳು ನಾನು. ದುಡ್ಡು ಎಣಿಸಿ ಕೊಟ್ಟವಳು ನಾನು. ನನಗೆ ಗೊತ್ತಾಗೋದಲ್ಲವಂತೆ. ಆ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗೇಮೂ ಓಡಲಿಲ್ಲ. ಫೋರ್ಜಾ ಹೊರೈಜನ್ 5 ಹಾಕಿದರೆ ಸ್ವಲ್ಪ ಹೊತ್ತು ಆಡಿ ಪಟ್ ಅಂತ ಪೂರ್ತಿ ಪಿಸಿಯೇ ಆಫ್. ಮತ್ತೆ ಆನ್, ಮತ್ತೆ ಆಫ್. ಸುಟ್ಟ ಪ್ಲಾಸ್ಟಿಕ್ ವಾಸನೆ ಬರ್ತಿತ್ತು. ಆಗ ಪ್ಲಗ್ ಕಿತ್ತು, ಸ್ಟಿಕ್ಕರಿನ ಫೋಟೋ ತೆಗೆದಿಟ್ಟು, ಪ್ಯಾನೆಲ್ ಬಿಚ್ಚಿದೆವು.

ಒಳಗೆ ಕಂಡದ್ದನ್ನು ಇದ್ದ ಹಾಗೇ ಹೇಳ್ತೇನೆ. ಎಸ್‌ಎಂಪಿಎಸ್ ಯಾವುದೋ ಲೋಕಲ್ ಮಾಲು. ಕೈಯಲ್ಲಿ ಎತ್ತಿದರೆ ಖಾಲಿ ಡಬ್ಬಿಯ ತೂಕ. ಲೇಬಲಿನ ಮೇಲೆ ದಪ್ಪ ಅಕ್ಷರದಲ್ಲಿ 450, ಕೆಳಗೆ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್. 12 ಗುಣಿಸು 16, 192 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬರುವುದು ಈ 12 ವೋಲ್ಟ್ ಲೈನಿನಿಂದಲೇ. ಪ್ರೊಸೆಸರಿಗೆ 65, ಆ ಕಾರ್ಡಿಗೆ ಸುಮಾರು 150, ಅಲ್ಲಿಗೇ ಮೀರಿ ಹೋಯ್ತು. ಗ್ರಾಫಿಕ್ಸ್ ಕಾರ್ಡಿಗೆ ಹಾಕುವ 8 ಪಿನ್ ವಯರೇ ಅದರಲ್ಲಿ ಇರಲಿಲ್ಲ. ಹಳೇ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ ಎರಡು ಬಿಳಿ ಮೋಲೆಕ್ಸ್ ಕನೆಕ್ಟರ್ ಸೇರಿಸಿ, ಅದಕ್ಕೊಂದು ಅಡಾಪ್ಟರ್ ಸಿಕ್ಕಿಸಿ, ಕಪ್ಪು ಟೇಪ್ ಸುತ್ತಿ ಕೇಬಲ್ ಹಿಂದೆ ತುರುಕಿದ್ದರು. ಟೇಪ್ ಬಿಚ್ಚಿದರೆ ಒಂದು ಕನೆಕ್ಟರಿನ ತುದಿ ಬಿಳಿಯಿಂದ ಕಂದು ಬಣ್ಣಕ್ಕೆ ತಿರುಗಿತ್ತು. ರಾತ್ರಿ ಎಲ್ಲ ಡೌನ್‌ಲೋಡಿಗೆ ಹಾಕಿ ಮಲಗುವ ಹುಡುಗರಿದ್ದಾರೆ. ಇದು ಬರೀ ದುಡ್ಡಿನ ವಿಷಯ ಅಲ್ಲ, ಮನೆಗೆ ಬೆಂಕಿ ಬೀಳುವ ವಿಷಯ. ಮೂರ್ನಾಲ್ಕು ಸಾವಿರ ಉಳಿಸಲು ಇವರು ಇಂಥದ್ದನ್ನು ಮಾಡಿ ಹುಡುಗರ ಕೋಣೆಗೆ ಕಳಿಸ್ತಾರೆ.

ಫೋಟೋ ಕಳಿಸಿದ ಮೇಲೆ ಬಂದ ಉತ್ತರಗಳು: ಘಟ್ಟದಲ್ಲಿ ಬಸ್ಸು ಕುಲುಕಿ ಲೂಸ್ ಆಗಿದೆ. ನಿಮ್ಮ ಕರಾವಳಿಯ ಉಪ್ಪು ಗಾಳಿಗೆ ಹಾಗೇ ಆಗೋದು. ನಿಮ್ಮಲ್ಲಿ ಕರೆಂಟ್ ಸರಿ ಇಲ್ಲ, ಸ್ಟೆಬಿಲೈಸರ್ ಹಾಕಿ, ಬೇಕಾದರೆ ನಮ್ಮಲ್ಲೇ ಇದೆ. ಉಪ್ಪು ಗಾಳಿಗೆ ತುಕ್ಕು ಹಿಡೀತದೆ, ಒಪ್ತೇನೆ. ಆದರೆ ಒಂದೇ ರಾತ್ರಿಯಲ್ಲಿ ಹಿಡಿಯುವುದಿಲ್ಲ, ಮತ್ತೆ ಉಪ್ಪು ಗಾಳಿಗೆ 6600 ಕಾರ್ಡು 580 ಆಗುವುದಿಲ್ಲ. ಕೊನೆಗೆ, "ಸೀಲ್ ಒಡೆದಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ."

ಅಪ್ಪನನ್ನು ಕರೆದುಕೊಂಡು ಕ್ಯಾಬಿನೆಟ್ ಸಮೇತ ಮತ್ತೆ ಶಿರಸಿಗೆ ಹೋದೆವು. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರು ದನಿ ಏರಿಸಲೂ ಇಲ್ಲ. ನಮ್ಮ ಕೈಯಿಂದ ಬಿಲ್ ತಗೊಂಡು, ಎಲ್ಲರಿಗೂ ಕಾಣುವ ಹಾಗೆ ಕೌಂಟರ್ ಮೇಲೆ ಹಾಸಿ, ಬೆರಳಿಟ್ಟು ಕೇಳಿದರು: "ಇದರಲ್ಲಿ 6600 ಅಂತ ಎಲ್ಲಿದೆ, ತೋರಿಸಿ?" ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು. ಅಸೆಂಬಲ್ಡ್ ಸಿಪಿಯು, 16 ಜಿಬಿ, 8 ಜಿಬಿ ಗ್ರಾಫಿಕ್ಸ್, 1 ಸೆಟ್. ಕೆಳಗೆ, ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಆಗ ತಿಳಿಯಿತು ನನಗೆ. ಸ್ಟಾಕ್ ಇಲ್ಲದ್ದಲ್ಲ, ಕೈತಪ್ಪಿ ಆದದ್ದೂ ಅಲ್ಲ. ಬಿಲ್ ಬರೆಯುವಾಗಲೇ ಈ ಪ್ರಶ್ನೆಗೆ ಜಾಗ ಬಿಟ್ಟೇ ಬರೆದಿದ್ದರು. ವಾಟ್ಸಾಪ್ ತೋರಿಸಿದೆ. "ಅದು ಸುಮ್ನೆ ಮಾತು, ಬಿಲ್ಲೇ ಲೆಕ್ಕ." ಅಪ್ಪ ಬದುಕಿನಲ್ಲಿ ಯಾರ ಹತ್ರವೂ ಜಗಳ ಮಾಡಿದವರಲ್ಲ. ಅಂಗಡಿಯಲ್ಲಿದ್ದವರೆಲ್ಲ ನೋಡ್ತಿದ್ದರು. "ಬಾ ಮಗಾ, ಹೋಗುವ" ಅಂತ ಅವರೇ ಕ್ಯಾಬಿನೆಟ್ ಎತ್ತಿಕೊಂಡರು.

ಅಸೆಂಬಲ್ ಮಾಡಿಸೋರಿಗೆ ನನ್ನ ಮಾತು ಇಷ್ಟೇ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬೇರೆ ಬೇರೆ ಸಾಲಿನಲ್ಲಿ ಇರಲೇಬೇಕು. "8 ಜಿಬಿ ಗ್ರಾಫಿಕ್ಸ್" ಅಂತ ಬರೆಯುವವರಿಗೆ ಒಂದು ರೂಪಾಯಿ ಕೊಡಬೇಡಿ. ಎಲ್ಲ ಬಾಕ್ಸ್ ಮನೆಗೆ ತನ್ನಿ, ಬಸ್ಸಿನಲ್ಲಿ ಎರಡು ಸೀಟ್ ಹಿಡಿದರೂ ಸರಿ. ಬ್ಯಾಲೆನ್ಸ್ ಕೊಡುವ ಮೊದಲು ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆಸಿ ಹೆಸರು ಓದಿ, ಜಿಪಿಯು-ಜಡ್ ಅನ್ನುವ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ ಶೇಡರ್ ಲೆಕ್ಕ ನೋಡಿ. 6600 ಆದರೆ 1792 ಅಂತ ತೋರಿಸಬೇಕು. 580ಕ್ಕೆ 2048 ಅಂತ ಇದ್ದರೆ ಅದು ಜಾಸ್ತಿ ಶಕ್ತಿ ಅಲ್ಲ, ಹಳೇ ತಲೆಮಾರಿನ ಲೆಕ್ಕ. ಅದನ್ನೇ ತೋರಿಸಿ "ನಂಬರ್ ದೊಡ್ಡದಿದೆ ನೋಡಿ" ಅಂತಲೂ ನನಗೆ ಹೇಳಿದ್ದಾರೆ. ಬಜೆಟ್ ಸಾಲದಿದ್ದರೆ ಕ್ಯಾಬಿನೆಟ್ಟಿನಲ್ಲಿ, ಲೈಟಿನಲ್ಲಿ ಉಳಿಸಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಬೇಡಿ. ಲೇಬಲಿನಲ್ಲಿ 12 ವೋಲ್ಟಿನ ಆಂಪಿಯರ್ ಓದಿ ಗುಣಿಸಿ ನೋಡಿ.

ಆಗಲೇ ಸಿಕ್ಕಿಬಿದ್ದವರಿಗೆ: ಗ್ರಾಹಕ ಸಹಾಯವಾಣಿ 1915. ಬಿಲ್ಲಿನ ಮೇಲೆ ವಾಪಸ್ ಇಲ್ಲ ಅಂತ ಅಚ್ಚು ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. 5 ಲಕ್ಷದವರೆಗಿನ ಮಾಲಿಗೆ ದೂರಿನ ಶುಲ್ಕ ಇಲ್ಲ, ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಹಾಕಬಹುದು.

1915ಕ್ಕೆ ದೂರು ಕೊಟ್ಟ ಮೇಲೆ ಅಂಗಡಿಯಿಂದ ಫೋನ್ ಬಂತು, ನಾವಾಗಿ ಮಾಡಿದ್ದಲ್ಲ. "ಎಂತಕ್ಕೆ ದೊಡ್ಡದು ಮಾಡ್ತೀರಿ ತಂಗೀ, ಕಾರ್ಡ್ ವಾಪಸ್ ಕೊಡಿ, ಆರು ಸಾವಿರ ಕೊಡ್ತೇನೆ." ಕಾರ್ಡಿನ ಲೆಕ್ಕಕ್ಕೆ ನಮ್ಮಿಂದ ತಗೊಂಡದ್ದು 21 ಸಾವಿರ. ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ಬಗ್ಗೆ ಮಾತೇ ಇಲ್ಲ. ಬೇಡ ಅಂದೆ. ಕಾರವಾರಕ್ಕೆ ಹಾಕುವ ದೂರಿಗೆ ಬಿಲ್ಲು, ವಾಟ್ಸಾಪ್, ಲೇಬಲ್ಲು, ಆ ಸುಟ್ಟ ಕನೆಕ್ಟರಿನ ಫೋಟೋ ಎಲ್ಲ ಜೋಡಿಸಿ ಇಟ್ಟಿದ್ದೇನೆ. ಶಿರಸಿಯಲ್ಲಿ "ಅಸೆಂಬಲ್ಡ್ ಸಿಪಿಯು, 1 ಸೆಟ್" ಅಂತ ಒಂದೇ ಸಾಲಿನ ಬಿಲ್ ಸಿಕ್ಕವರು ಬೇರೆ ಯಾರಾದರೂ ಇದ್ದರೆ ಇವತ್ತೇ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ, ಬೇರೆ ಪಾರ್ಟ್ಸ್ ಕಂಡರೆ ನನಗೆ ತಿಳಿಸಿ. ಪೂರ್ತಿ ಹಣ ಬರುವವರೆಗೆ ಒಂದು ಸ್ಕ್ರೂ ಕೂಡ ವಾಪಸ್ ಕೊಡುವುದಿಲ್ಲ ಅಂತ ಅವರಿಗೂ ಬರೆದು ಕಳಿಸಿದ್ದೇನೆ.