ಕೌದಿ ಹೊಲಿಯೋಕೆ ಕ್ವಿಲ್ಟಿಂಗ್ ಕಿಟ್ ತರಿಸಿದ ಕಥೆ (5ಕ್ಕೆ 3 ಸ್ಟಾರ್)

ಎರಡು ತಿಂಗಳ ಹಿಂದೆ ಆನ್‌ಲೈನಲ್ಲಿ 1,150 ರೂಪಾಯಿ ಕೊಟ್ಟು ಒಂದು ಹ್ಯಾಂಡ್ ಕ್ವಿಲ್ಟಿಂಗ್ ಕಿಟ್ ತರಿಸ್ದೆ. ಅತ್ತೆಯ ಹಳೇ ಕಾಟನ್ ಸೀರೆ ಒಂದು ಟ್ರಂಕ್ ತುಂಬ ಸುಮ್ನೆ ಬಿದ್ದಿತ್ತು, ಮಗಳು ಹಾಸ್ಟೆಲಿಗೆ ಹೋಗ್ತಾಳಲ್ಲ ಅವಳಿಗೊಂದು ಕೌದಿ (ಹಳೇ ಬಟ್ಟೆ ಪದರ ಪದರ ಸೇರಿಸಿ ಹೊಲಿಯೋ ಹೊದಿಕೆ) ಆಗುತ್ತೆ ಅಂತ. ನಮ್ಮತ್ತೆ ಗದಗ ಕಡೆಯವ್ರು, ಎಷ್ಟು ಕೌದಿ ಹೊಲಿದಿದಾರೋ ಅವರಿಗೇ ಲೆಕ್ಕ ಇಲ್ಲ. ಡಬ್ಬಿ ಬಿಚ್ಚಿದ್ದೇ ತಡ "ಇದೇನವಾ, ಒಂದ್ ಕೌದಿ ಹೊಲ್ಯಾಕ ಇಷ್ಟ್ ಸಾಮಾನ ಬೇಕೇನ?" ಅಂದ್ರು. ನಾನು ಮೈಸೂರಿನವಳು, ಗುಂಡಿ ಹಚ್ಚೋದು ಬಿಟ್ರೆ ಸೂಜಿ ಮುಟ್ಟಿದವಳೇ ಅಲ್ಲ, ಹಾಗಾಗಿ ಈ ರಿವ್ಯೂ ನನ್ನಂಥವರಿಗೆ.

ಮೊದ್ಲು ಸೂಜಿ. ಕಿಟ್ಟಲ್ಲಿರೋದು ಬಿಟ್ವೀನ್ಸ್ ಅನ್ನೋ ಗಿಡ್ಡ ಸೂಜಿಗಳು, 5ರಿಂದ 10ನೇ ನಂಬರ್ ತನಕ. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು, ಇದು ಗೊತ್ತಿಲ್ದೆ ನಾನು 10 ಅಂದ್ರೆ ದೊಡ್ಡದಿರ್ಬೇಕು ಅಂದ್ಕೊಂಡು ಅದನ್ನೇ ತಗೊಂಡೆ, ಐದು ಪದರ ಸೀರೆಗೆ ಚುಚ್ಚಿದ್ರೆ ಬಿಲ್ಲಿನ ಥರ ಬಗ್ಗಿ ಟಕ್ ಅಂತ ಮುರೀತು. ಅದರ ಕಣ್ಣಿಗೆ ದಪ್ಪ ದಾರಾನೂ ಹೋಗಲ್ಲ. 7ನೇ ನಂಬರ್ ಕೌದಿಗೆ ಸರಿಹೋಯ್ತು. ಗಿಡ್ಡ ಸೂಜಿ ಯಾಕೆ ಅಂತ ಮೊದ್ಲು ನನಗೂ ಅನ್ನಿಸಿತ್ತು, ಆದ್ರೆ ಉದ್ದ ಸೂಜಿ ದಪ್ಪ ಬಟ್ಟೇಲಿ ಬಾಗುತ್ತೆ, ಗಿಡ್ಡದು ನೆಟ್ಟಗೆ ನಿಂತ್ಕೊಳ್ಳುತ್ತೆ, ಹೊಲಿಗೇನೂ ಚಿಕ್ಕದಾಗಿ ಬರುತ್ತೆ.

ಕೈಗೆ ನಿಜವಾಗ್ಲೂ ಆರಾಮ ಕೊಟ್ಟಿದ್ದು ಅಂಗುಸ್ತಾನ, ಅಂದ್ರೆ ಸೂಜಿ ಒತ್ತೋಕೆ ಬೆರಳ ತುದಿಗೆ ಹಾಕೋ ಟೋಪಿ. ಎರಡು ಕೊಟ್ಟಿದಾರೆ. ಲೋಹದ್ದು ನನ್ನ ನಡುಬೆರಳಿಗೆ ಸಡಿಲ, ಮೇಲಿರೋ ಗುಳಿಗಳೂ ಆಳ ಇಲ್ಲ, ಸೂಜಿ ಹಿಂಭಾಗ ಜಾರಿ ಎರಡು ಸಲ ಉಗುರಿನ ಬುಡಕ್ಕೇ ನಾಟ್ತು. ಚರ್ಮದ್ದು ಸೂಪರ್, ಮೂರು ದಿನ ಹಾಕಿದ್ರೆ ಬೆರಳಿನ ಆಕಾರಕ್ಕೇ ಬರುತ್ತೆ. ಅಂಗಡೀಲಿ ತಗೊಳ್ಳೋರು ಗುಳಿ ಆಳ ಇದ್ಯಾ ನೋಡ್ಕೊಂಡು ತಗೊಳ್ಳಿ.

ಆದ್ರೆ ಅಂಗುಸ್ತಾನ ಹಾಕ್ಕೊಂಡ್ರೆ ಸಾಲದು, ಕೈ ಹೇಗೆ ಆಡಿಸ್ಬೇಕು ಅನ್ನೋದೇ ಮುಖ್ಯ, ಕಿಟ್ ಜೊತೆ ಬಂದ ಚೀಟೀಲಿ ಇದು ಒಂದು ಸಾಲೂ ಇಲ್ಲ. ಸೂಜೀನ ನೆಟ್ಟಗೆ ಚುಚ್ಚಿ, ಬಟ್ಟೆ ಕೆಳಗಿಟ್ಟ ಬೆರಳಿಗೆ ಮೊನೆ ತಾಗಿದ ಕೂಡ್ಲೇ ಹಿಂಭಾಗಾನ ಅಂಗುಸ್ತಾನದಿಂದ ಒತ್ತಿ ಮಲಗಿಸ್ಬೇಕು, ಕೆಳಗಿನ ಬೆರಳು ಸ್ವಲ್ಪ ಮೇಲಕ್ಕೆ ದೂಡುತ್ತೆ, ಮೊನೆ ಮೇಲೆ ಬರುತ್ತೆ, ಮತ್ತೆ ನೆಟ್ಟಗೆ ಮಾಡೋದು, ಮತ್ತೆ ಮಲಗಿಸೋದು, ಹೀಗೆ ತೊಟ್ಟಿಲು ತೂಗಿದ ಹಾಗೆ. ತೆಳು ಬಟ್ಟೇಲಿ ನಾಲ್ಕು ಹೊಲಿಗೆ ಒಟ್ಟಿಗೆ ಸೂಜಿಗೆ ಹತ್ತುತ್ತೆ, ಕೌದೀಲಿ ಎರಡು ಹತ್ತಿದ್ರೆ ಪುಣ್ಯ. ಆಮೇಲೆ ಸೂಜಿ ಎಳೆಯೋಕೆ ಬೆರಳು ಜಾರುತ್ತೆ. ಅತ್ತೆ ಹಳೇ ಸೈಕಲ್ ಟ್ಯೂಬಿಂದ ಬೆರಳಗಲ ಒಂದು ತುಂಡು ಕತ್ತರಿಸಿ ಕೊಟ್ರು, ಅದರಲ್ಲಿ ಹಿಡಿದು ಎಳೆದ್ರೆ ಬೆಣ್ಣೇಲಿ ಎಳೆದಂಗೆ ಬಂತು. 1,150ರ ಕಿಟ್ಟಲ್ಲಿ ಒಂದು ರಬ್ಬರ್ ತುಂಡು ಹಾಕೋಕೆ ಏನ್ ಕಷ್ಟ ಆಗಿತ್ತೋ.

ಜೇನುಮೇಣದ ಬಿಲ್ಲೆ ಒಳ್ಳೇದಿದೆ. ದಾರ ಅದರ ಮೇಲೆ ಎರಡು ಸಲ ಎಳೆದು, ಪೇಪರ್ ಮಧ್ಯೆ ಇಟ್ಟು ಇಸ್ತ್ರಿ ಒತ್ತಿದ್ರೆ ಮೇಣ ಒಳಗೆ ಇಳಿಯುತ್ತೆ, ಸಿಕ್ಕು ಕಮ್ಮಿ. ದಾರ ಮಾತ್ರ ಒಂದು ಮೊಳ, ಹೆಚ್ಚಂದ್ರೆ ಒಂದೂವರೆ ಮೊಳ. ಪದೇ ಪದೇ ಪೋಣಿಸೋಕೆ ಬೇಜಾರು ಅಂತ ನಾನು ಮಾರುದ್ದ ತಗೊಂಡು ಅರ್ಧ ಗಂಟೆ ಗಂಟು ಬಿಡಿಸ್ತಾ ಕೂತಿದ್ದೆ.

ಬಟ್ಟೆ ಬಿಗಿಯಾಗಿ ಹಿಡಿಯೋ ಮರದ 14 ಇಂಚಿನ ರಿಂಗ್ ಪೂರ್ತಿ ವೇಸ್ಟ್. ಐದು ಪದರ ಸೀರೆ ಅದರೊಳಗೆ ಕೂರೋದೇ ಇಲ್ಲ, ಸ್ಕ್ರೂ ತಿರುಗಿಸಿ ತಿರುಗಿಸಿ ಕೈ ಕೆಂಪಾಯ್ತು. ಕೌದಿ ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕ್ಕೊಂಡು, ತೊಡೆ ಮೇಲೆ ಎಳ್ಕೊಂಡು ಹೊಲಿಯೋದೇ ಸುಲಭ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಕವಂದಿ (ಅವರ ಕೌದಿ) ಹೊಲಿಯೋದು ನೋಡಿ, ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿಗುಂಟ ಸುತ್ತು ಬರ್ತಾ, ತುಂಡು ಬಟ್ಟೆಗಳ ಅಂಚು ಅಲ್ಲಲ್ಲೇ ಮಡಚಿ ಸೇರಿಸ್ತಾ ನಡುವಿಗೆ ಬಂದು ಮುಗಿಸ್ತಾರೆ, ಯಾವ ರಿಂಗೂ ಇಲ್ಲ.

ಇನ್ನು ಹೊಲಿಗೆಗೆ ಗೆರೆ ಹಾಕೋ ನೀಲಿ ಪೆನ್ನು, ನೀರು ತಾಗಿದ್ರೆ ಅಳಿಯುತ್ತೆ ಅನ್ನೋದು. ಅಳಿಯುತ್ತೆ ನಿಜ, ಆದ್ರೆ ಒಗೆಯೋ ಮುಂಚೆ ಇಸ್ತ್ರಿ ತಾಗಿಸಿದ್ರೆ ಬಣ್ಣ ಕಚ್ಕೊಂಡುಬಿಡುತ್ತೆ, ಪ್ಯಾಕ್ ಮೇಲೆ ಎಲ್ಲೂ ಬರೆದಿಲ್ಲ. ನಾನು ನೀಟಾಗಿರ್ಲಿ ಅಂತ ಇಸ್ತ್ರಿ ಮಾಡ್ದೆ, ಬಿಳಿ ಸೀರೆ ತುಂಡಿನ ಮೇಲೆ ಏಳು ನೀಲಿ ಗೆರೆ ಹಾಗೇ ಉಳ್ಕೊಂಡಿದಾವೆ. ಕಂಪ್ಲೇಂಟ್ ಹಾಕಿದ್ರೆ "ಯೂಸರ್ ಎರರ್" ಅಂತ ಉತ್ತರ ಬಂತು. ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ, ಇನ್ನೊಂದು ರಿಂಗಿಗೆ. ಅಸಲಿಗೆ ಕೌದಿಗೆ ಗೆರೆ ಯಾಕೆ, ಹಿಂದಿನ ಸಾಲಿಂದ ಒಂದು ಬೆರಳು ಬಿಟ್ಟು ಹೊಲೀತಾ ಹೋದ್ರಾಯ್ತು.

ನನ್ನ ಕೇಳಿದ್ರೆ ಕಿಟ್ ಬೇಡ, ಬಿಡಿಬಿಡಿಯಾಗಿ 7ನೇ ನಂಬರ್ ಸೂಜಿ, ಚರ್ಮದ ಅಂಗುಸ್ತಾನ, ಮೇಣ, ಗಟ್ಟಿ ಕಾಟನ್ ದಾರ ತಗೊಳ್ಳಿ. ಟ್ಯೂಬ್ ತುಂಡು ಯಾವ ಪಂಚರ್ ಅಂಗಡೀಲಾದ್ರೂ ಸಿಗುತ್ತೆ.